ಗ್ರೈಂಡಿಂಗ್ ವರ್ಕ್ ಅಂದ್ರೆ ಯಾವ ವರ್ಕು?

ಗುಂಪು: ನಮ್ಮನೆಯೋರು
ಭಾನುವಾರ

ಭಾವ: 📷 ಕಾಫಿ ಗ್ರೈಂಡರ್ ಕೈಪಿಡಿ, ಪುಟ 14

ಭಾವ: ನೀನು ಜರ್ಮನಿಯಿಂದ ತಂದುಕೊಟ್ಟ ಮಿಷನ್ ಬೆಳಿಗ್ಗೆ ನಿಂತೋಯ್ತು. ನಿಮ್ಮಕ್ಕ ಕೈಪಿಡಿ ಸರಿ ಇಲ್ಲ ಅಂತಾಳೆ. ಗೆರೆ ಎಳೆದ ಸಾಲು ಓದಿ ನೀವೇ ಹೇಳಿ. "ದ ಗ್ರೈಂಡಿಂಗ್ ಡಿಗ್ರಿ ಮೇ ಓನ್ಲಿ ಬಿ ಚೇಂಜ್ಡ್ ಅಟ್ ರನ್ನಿಂಗ್ ಗ್ರೈಂಡಿಂಗ್ ವರ್ಕ್." ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?

ಅಕ್ಕ: ಗ್ರೈಂಡಿಂಗ್ ವರ್ಕ್ ಅಂದ್ರೆ ಬೀಸೋ ಕೆಲಸ ಅಂದ್ಕೊಂಡೆ. ಬೀಸೋ ಕೆಲಸ ನಡೀತಾನೇ ಇತ್ತು. ಒಂದು ಸಲ ಬೀಸಿ ಹಾಕಿದೆ, ಡಿಕಾಕ್ಷನ್ ನೀರುನೀರಾಗಿ ಇಳೀತು. ಮಿಷನ್ ಆಫ್ ಮಾಡಿ ನಾಬನ್ನ ಸಣ್ಣದರ ಕಡೆ ತಿರುಗಿಸ್ದೆ. ಮತ್ತೆ ಆನ್ ಮಾಡಿದ್ರೆ ಗುಂಯ್ ಅಂತು, ತಿರುಗಲೇ ಇಲ್ಲ.

ಭಾವ: ರನ್ನಿಂಗ್ ಅಂತ ಸ್ಪಷ್ಟವಾಗಿ ಇದೆಯಲ್ಲ.

ಅಕ್ಕ: ಕೆಲಸ ರನ್ನಿಂಗ್ ಇತ್ತು ಅಂತಾನೇ ಹೇಳ್ತಿರೋದು!

ನಾನು: ಈಗ ಎದ್ದೆ, ಇಲ್ಲಿನ್ನೂ ಏಳು ಗಂಟೆ. ಅಕ್ಕ, ಮೊದಲು ಪ್ಲಗ್ ಕಿತ್ತಿಡು. ಮೇಲಿನ ಡಬ್ಬಿಯ ಬೀಜ ಎಲ್ಲಾ ಸುರಿದುಬಿಡು. ನಾಬನ್ನ ಪೂರ್ತಿ ದಪ್ಪದ ಕಡೆಗೆ ತಿರುಗಿಸು. ಆಮೇಲೆ ಮೇಲಿನ ಬರ್, ಅಂದ್ರೆ ಬೀಜ ಬೀಸೋ ಹಲ್ಲಿನ ಭಾಗ, ಎತ್ತಿದ್ರೆ ಒಳಗೆ ಅರ್ಧ ಒಡೆದ ಬೀಜ ಕಚ್ಚಿಕೊಂಡಿರೋದು ಕಾಣುತ್ತೆ. ಬ್ರಷ್‌ನಲ್ಲಿ ತೆಗಿ.

ನಾನು: ಮತ್ತೆ ಭಾವ, ತಪ್ಪು ಅಕ್ಕಂದಲ್ಲ. ಜರ್ಮನ್ ಪುಟದಲ್ಲಿ ಇರೋದು "ಬೈ ಲೌಫೆಂಡೆಮ್ ಮಾಲ್‌ವೆರ್ಕ್". ಮಾಲ್‌ವೆರ್ಕ್ ಅಂದ್ರೆ ಬೀಸೋ ಕೆಲಸ ಅಲ್ಲ, ಬೀಸೋ ಯಂತ್ರಭಾಗ. ಗ್ರೈಂಡರ್ ಓಡ್ತಾ ಇರುವಾಗ ಮಾತ್ರ ಬದಲಿಸಿ ಅಂತ ಅದರ ಅರ್ಥ. ನಿಂತಿರುವಾಗ ಸಣ್ಣಕ್ಕೆ ತಿರುಗಿಸಿದ್ರೆ ಎರಡು ಬರ್ ನಡುವೆ ಉಳಿದ ಬೀಜ ಸಿಕ್ಕಿಹಾಕಿಕೊಳ್ಳುತ್ತೆ, ಮೋಟಾರಿಗೆ ಎಳೆಯೋಕೆ ಆಗಲ್ಲ. ಇಂಗ್ಲಿಷ್‌ನಲ್ಲಿ "ವೈಲ್ ದ ಗ್ರೈಂಡರ್ ಈಸ್ ರನ್ನಿಂಗ್" ಅಂತ ಬರೆದಿದ್ದರೆ ಇವತ್ತು ನಿಮಗೆ ಕಾಫಿ ಸಿಗ್ತಿತ್ತು.

ಭಾವ: ವೆರ್ಕ್ ಅಂದ್ರೆ ವರ್ಕ್ ತಾನೇ? ಕ್ಲಾಕ್‌ವರ್ಕ್ ಅಂತ ಇಂಗ್ಲಿಷ್‌ನಲ್ಲೂ ಇದೆ. ಅಲ್ಲಿ ವರ್ಕ್ ಅಂದ್ರೆ ಯಂತ್ರಾನೇ.

ನಾನು: ಒಳ್ಳೆ ಪಾಯಿಂಟ್ ಭಾವ. ಗಡಿಯಾರದ ಒಳಭಾಗಕ್ಕೆ ಜರ್ಮನ್‌ನಲ್ಲಿ ಊರ್‌ವೆರ್ಕ್, ಇಂಗ್ಲಿಷ್‌ನಲ್ಲಿ ಕ್ಲಾಕ್‌ವರ್ಕ್, ಎರಡೂ ಅಣ್ಣತಮ್ಮ. ಆದ್ರೆ ಇಂಗ್ಲಿಷ್‌ನಲ್ಲಿ ಆ ಅರ್ಥ ಅಂಥ ಕೆಲವು ಹಳೇ ಜೋಡಿಪದಗಳ ಒಳಗೇ ಉಳ್ಕೊಂಡಿದೆ. ಹೊಸದಾಗಿ ಗ್ರೈಂಡಿಂಗ್ ವರ್ಕ್ ಅಂದ್ರೆ ಯಾರೂ ಯಂತ್ರ ಅಂತ ಓದಲ್ಲ, ಅಕ್ಕ ಓದಿದ ಹಾಗೇ ಓದ್ತಾರೆ.

ದೊಡ್ಡಪ್ಪ: ಮೂಲದಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳೋದೇ ಅನುವಾದದ ಧರ್ಮ ಅಲ್ಲವೇನಪ್ಪ? ಅದೇ ಪುಟದ ಕೆಳಗೆ ಕಾಫಿ ಫ್ಲೋರ್ ಅಂತ ಇದೆ. ಕಾಫಿ ಹಿಟ್ಟು. ನನಗಂತೂ ಚೆನ್ನಾಗೇ ಕಾಣ್ತು.

ನಾನು: ದೊಡ್ಡಪ್ಪ, ಅಂಗಡೀಲಿ ನೀವು ಯಾವತ್ತಾದ್ರೂ ಕಾಲು ಕೇಜಿ ಕಾಫಿ ಹಿಟ್ಟು ಕೊಡಿ ಅಂತ ಕೇಳಿದೀರಾ?

ದೊಡ್ಡಪ್ಪ: ಇಲ್ಲ. ಪುಡಿ ಅಂತೀವಿ. ರಾಗಿದು ಹಿಟ್ಟು, ಕಾಫಿದು ಪುಡಿ.

ನಾನು: ಜರ್ಮನ್ನರು ಎರಡಕ್ಕೂ ಮೇಲ್ ಅಂತಾರೆ. ಗೋಧಿಹಿಟ್ಟೂ ಮೇಲ್, ಕಾಫಿಪುಡಿ ಕಫೆಮೇಲ್. ಇಂಗ್ಲಿಷ್‌ನೋರು ನಮ್ಮ ಥರ, ಕಾಫಿಗೆ ಫ್ಲೋರ್ ಅನ್ನಲ್ಲ, ಗ್ರೌಂಡ್ ಕಾಫಿ ಅಂತಾರೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಾಫಿ ಫ್ಲೋರ್ ಅನ್ನೋದು ಈಗ ಬೇರೇನೇ ಒಂದು ಪದಾರ್ಥದ ಹೆಸರು. ನೀವು ಪಲ್ಪರ್‌ಗೆ ಹಾಕಿದ ಮೇಲೆ ತೋಟದಲ್ಲಿ ರಾಶಿ ಬೀಳುತ್ತಲ್ಲ ಹಣ್ಣಿನ ಸಿಪ್ಪೆ, ಅದನ್ನ ಒಣಗಿಸಿ ಬೀಸಿ ಬ್ರೆಡ್ಡು ಬಿಸ್ಕತ್ತಿಗೆ ಹಾಕೋ ಹಿಟ್ಟು.

ದೊಡ್ಡಪ್ಪ: ಆ ಸಿಪ್ಪೆನಾ? ನಾವು ಗೊಬ್ಬರಕ್ಕೆ ಹಾಕ್ತೀವಿ.

ನಾನು: ಅದೇ. ಪದ ಪದ ಸೇರಿಸಿ ನಿಷ್ಠೆಯಿಂದ ತಂದ್ರೆ ಬೀಜದ ಪುಡಿ ಹೋಗಿ ಸಿಪ್ಪೆ ಹಿಟ್ಟು ಬಂದು ಕೂತ್ಕೊಳ್ತು. ಇದನ್ನ ಧರ್ಮ ಅಂತ ನಾನು ಒಪ್ಪಲ್ಲ ದೊಡ್ಡಪ್ಪ.

ಅತ್ತಿಗೆ: ಡಿಗ್ರಿ ಕಥೆ ಏನು? ನಾನು ಬಿಸಿ ಎಷ್ಟಿರಬೇಕು ಅನ್ನೋದಿರಬೇಕು ಅಂದ್ಕೊಂಡಿದ್ದೆ.

ನಾನು: ಅದು ಮಾಲ್‌ಗ್ರಾಟ್. ಗ್ರಾಟ್ ಅಂದ್ರೆ ಡಿಗ್ರಿ ಹೌದು, ಆದ್ರೆ ಮಟ್ಟ, ಪ್ರಮಾಣ ಅನ್ನೋದಕ್ಕೂ ಅದೇ ಪದ. ಅನುವಾದ ಮಾಡೋವಾಗ ನನ್ನನ್ನ ಹೆಚ್ಚು ಕಾಡೋದು ಇದೇ. ಜರ್ಮನ್‌ನಲ್ಲಿ ಪುಡಿ ಎಷ್ಟು ಸಣ್ಣ ಇದೆ ಅನ್ನೋದೂ ಮಾಲ್‌ಗ್ರಾಟ್, ಡಯಲ್ ಮೇಲಿನ ಅಂಕಿಯೂ ಮಾಲ್‌ಗ್ರಾಟ್. ಇಂಗ್ಲಿಷ್‌ನಲ್ಲಿ ಪುಡಿದು ಗ್ರೈಂಡ್ ಸೈಜ್, ಡಯಲ್‌ದು ಗ್ರೈಂಡ್ ಸೆಟ್ಟಿಂಗ್. ಪ್ರತಿ ಸಾಲಿನಲ್ಲೂ ನಿಂತು ಕೇಳ್ಕೋಬೇಕು, ಇಲ್ಲಿ ಓದುಗನ ಕೈ ನಾಬ್ ಮೇಲಿದೆಯಾ, ಕಣ್ಣು ಪುಡಿ ಮೇಲಿದೆಯಾ ಅಂತ. ಎಷ್ಟೋ ಕಡೆ ಎರಡೂ ಬೇಡ, "ದ ಗ್ರೈಂಡ್ ಈಸ್ ಟೂ ಫೈನ್" ಅಂದ್ರೆ ಮುಗೀತು.

ದೊಡ್ಡಪ್ಪ: ನಮ್ಮಲ್ಲಿ ಹದ ಅಂತೀವಿ. ಫಿಲ್ಟರ್ ಹದಕ್ಕೆ ಬೀಸಿಕೊಡಿ, ಇದು ತರಿ ಆಯ್ತು, ಇನ್ನೊಂಚೂರು ನುಣ್ಣಗೆ.

ನಾನು: ಹದ! ಅದೇ ದೊಡ್ಡಪ್ಪ, ಮಾಲ್‌ಗ್ರಾಟ್‌ಗೆ ಅದಕ್ಕಿಂತ ಒಳ್ಳೇ ಪದ ನನಗೆ ಯಾವ ಭಾಷೇಲೂ ಸಿಕ್ಕಿಲ್ಲ.

ಅಕ್ಕ: ನಾನು ಡಯಲ್‌ನ ಫಿಲ್ಟರ್ ಅಂತ ಬರೆದ ಕಡೆಗೇ ಇಟ್ಟಿದ್ದೆ. ಮತ್ಯಾಕೆ ಡಿಕಾಕ್ಷನ್ ನೀರಾಯ್ತು?

ನಾನು: ಜರ್ಮನಿಯ ಫಿಲ್ಟರ್ ಅಂದ್ರೆ ಪೇಪರ್ ಫಿಲ್ಟರ್. ಅದು ಶುರುವಾಗಿದ್ದೇ ಅಲ್ಲಿ. 1908ರಲ್ಲಿ ಡ್ರೆಸ್ಡೆನ್‌ನ ಮೆಲಿಟ್ಟಾ ಬೆಂಟ್ಸ್ ಅನ್ನೋ ಗೃಹಿಣಿ ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹರಿದು ಕಾಫಿ ಸೋಸಿದ್ರು, ಪೇಟೆಂಟ್ ಕೂಡ ತಗೊಂಡ್ರು. ಆ ಕಾಗದಕ್ಕೆ ಮಧ್ಯಮ ಹದ ಸಾಕು. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಗಟ್ಟಿ ಡಿಕಾಕ್ಷನ್ ಇಳೀಬೇಕು ಅಂದ್ರೆ ಅದಕ್ಕಿಂತ ಸಣ್ಣ ಬೇಕು. ನೀನು ಸಣ್ಣಕ್ಕೆ ತಿರುಗಿಸಿದ್ದು ಸರಿಯಾಗೇ ಇತ್ತು ಅಕ್ಕ. ಮಿಷನ್ ಓಡ್ತಾ ಇರಬೇಕಿತ್ತು, ಅಷ್ಟೇ.

ಭಾವ: ಆಯ್ತಪ್ಪ, ವರ್ಕ್ ಬಿಟ್ಟೆ, ಡಿಗ್ರಿ ಬಿಟ್ಟೆ. ನೀನು ಮಾತ್ರ ಬರ್ ಬರ್ ಅಂತಿದೀಯ. ಕೈಪಿಡೀಲಿ ಗ್ರೈಂಡಿಂಗ್ ಡಿಸ್ಕ್ ಅಂತ ಇದೆ, ಅದೇ ಸರಿ. ಮೂವತ್ತು ವರ್ಷ ವರ್ಕ್‌ಶಾಪ್‌ನಲ್ಲಿ ಇದ್ದೋನು ನಾನು. ಬರ್ ಅಂದ್ರೆ ಡ್ರಿಲ್ ಹೊಡೆದಾಗ ಅಂಚಲ್ಲಿ ಎದ್ದು ನಿಲ್ಲೋ ಚೂಪು. ಅರ ಹಾಕಿ ತೆಗೆದು ಬಿಸಾಕೋದು.

ನಾನು: ಆ ಅರ್ಥವೂ ಇದೆ ಭಾವ, ನಿಜ. ಆದ್ರೆ ಕಾಫಿ ಲೋಕದ ಇಂಗ್ಲಿಷ್‌ನಲ್ಲಿ ಇದಕ್ಕೆ ಅದೇ ಹೆಸರು. ತಟ್ಟೆ ಥರ ಇರೋ ಶೈಬೆನ್‌ಮಾಲ್‌ವೆರ್ಕ್‌ಗೆ ಫ್ಲಾಟ್ ಬರ್, ಕೇಗೆಲ್‌ಮಾಲ್‌ವೆರ್ಕ್‌ಗೆ ಕೋನಿಕಲ್ ಬರ್. ನಿಮ್ಮನೆ ಮಿಷನ್‌ದು ಎರಡನೇದು, ಶಂಕುವಿನ ಆಕಾರ. ಬಿಚ್ಚಿ ನೋಡಿ, ಅಲ್ಲಿ ಡಿಸ್ಕೇ ಇಲ್ಲ. ಬಿಡಿಭಾಗ ತರಿಸಬೇಕಾದ್ರೆ ಡಿಸ್ಕ್ ಅಂತ ಹುಡುಕಿದ್ರೆ ಏನು ಸಿಗುತ್ತೆ?

ಅಕ್ಕ: 📷

ಅಕ್ಕ: ಬಿಚ್ಚಿದೆ. ಎರಡೂವರೆ ಬೀಜ ಕಚ್ಚಿಕೊಂಡು ಕೂತಿದ್ವು. ಶಂಕುನೇ ಇರೋದು.

ನಾನು: ಹಲ್ಲು ಮುಕ್ಕಾಗಿಲ್ಲ ತಾನೇ? ಮತ್ತೆ ಜೋಡಿಸು. ಆನ್ ಮಾಡಿ, ಓಡ್ತಾ ಇರುವಾಗಲೇ ಒಂದೊಂದೇ ಗೆರೆ ಸಣ್ಣಕ್ಕೆ ತಿರುಗಿಸು.

ಅಕ್ಕ: ಓಡ್ತು!! ಈ ಸಲ ತೊಟ್ಟು ತೊಟ್ಟಾಗಿ ಇಳೀತಿದೆ, ಕಪ್ಪಗೆ.

ಭಾವ: ಆ ಸಾಲಿನ ಮೇಲೆ ಚೀಟಿ ಅಂಟಿಸ್ತೀನಿ. "ಮಿಷನ್ ಓಡುತ್ತಿರುವಾಗ ಮಾತ್ರ ಹದ ಬದಲಿಸಿ." ಸರಿಯಾ?

ದೊಡ್ಡಪ್ಪ: ಸರಿಯಾಗಿದೆ.

ಭಾವ: ಬರ್ ಮಾತ್ರ ಒಪ್ಪಲ್ಲ.