ಒಂಬತ್ತು ವರ್ಷ ಗ್ಯಾಪ್ ಆಗಿದೆ, ಫೀಲ್ಡ್ ಬದಲಾಯಿಸಲಾ?

ತುಮಕೂರಿನ ನಮ್ಮ ಗುಂಪಿನ ಭಾನುವಾರದ ಪ್ರಶ್ನೋತ್ತರ. ಉತ್ತರಿಸುವವರು ಕಾರ್ಖಾನೆ, ಆಫೀಸುಗಳಿಗೆ ಜನರನ್ನು ಆರಿಸುವ ಎಚ್‌ಆರ್ ಮೇಡಂ. ಕೇಳಿದವರ ಊರು ಮಾತ್ರ ಹಾಕಿದ್ದೇವೆ.

ಕ್ಯಾತ್ಸಂದ್ರ: ನಮಸ್ತೆ ಮೇಡಂ. ಬಿ.ಕಾಂ ಮಾಡಿ ಐದು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. 2017ರ ಮಾರ್ಚ್‌ನಲ್ಲಿ ಹೆರಿಗೆಗೆ ಅಂತ ಬಿಟ್ಟೆ. ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಈಗ ಡೇಟಾ ಸೈನ್ಸ್ ಕೋರ್ಸ್ ಸೇರಿ ಅಂತಿದ್ದಾರೆ. ಒಂದೂವರೆ ಲಕ್ಷ. ಸರ ಅಡ ಇಡಬೇಕು. ಇಡಲಾ?

ಮೇಡಂ: ಸರ ಬೀರುವಿನಲ್ಲೇ ಇರಲಿ. ಮೊದಲು ಒಂದು ಹೇಳಿ. ಲೆಕ್ಕದ ಕೆಲಸ ಬೇಜಾರಾಗಿದೆಯಾ, ಇಲ್ಲಾ ಮರೆತುಹೋಗಿದೆ ಅಂತ ಹೆದರಿಕೆಯಾ?

ಗುಬ್ಬಿ: ಗ್ಯಾಪ್ ಇದ್ದರೆ ಕೆಲಸ ಕೊಡ್ತಾರಾ ಮೇಡಂ?

ಮೇಡಂ: ಕೊಡುತ್ತಾರೆ.

ಕ್ಯಾತ್ಸಂದ್ರ: ಹೆದರಿಕೆ ಮೇಡಂ. ನಿನ್ನೆ ಅಣ್ಣನ ಹಾರ್ಡ್‌ವೇರ್ ಅಂಗಡಿಯ ಬಿಲ್ ನೋಡಿದೆ. ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಎರಡು ಸಾಲು. ನಾನು ಬಿಟ್ಟಾಗ ಹಳೇ ಮಾರಾಟ ತೆರಿಗೆ ವ್ಯಾಟ್ ಇತ್ತು. ಬಿಲ್ ಮಡಚಿ ಇಟ್ಟುಬಿಟ್ಟೆ.

ಮೇಡಂ: ಹಾಗಾದರೆ ನೀವು ಫೀಲ್ಡ್ ಬಿಡುವುದು ಬೇಡ. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ, ನೀವು ಬಿಟ್ಟ ನಾಲ್ಕೇ ತಿಂಗಳಿಗೆ. ಬದಲಾಗಿದ್ದು ತೆರಿಗೆ. ಡೆಬಿಟ್, ಕ್ರೆಡಿಟ್ ಹಾಗೇ ಇವೆ. ಆ ಬಿಲ್ ಮತ್ತೆ ಬಿಚ್ಚಿ. ರಾಜ್ಯದೊಳಗೆ ಮಾರಿದ ಮಾಲಿಗೆ ಶೇಕಡಾ 18 ತೆರಿಗೆಯನ್ನು ಎರಡು ಪಾಲು ಮಾಡುತ್ತಾರೆ, ಕೇಂದ್ರಕ್ಕೆ 9, ರಾಜ್ಯಕ್ಕೆ 9. ಅದೇ ಮಾಲು ಹಿಂದೂಪುರದ ಅಂಗಡಿಗೆ ಹೋದರೆ ಆಂಧ್ರ ಆಯಿತು, ಐಜಿಎಸ್‌ಟಿ 18 ಅಂತ ಒಂದೇ ಸಾಲು. ತಿಂಗಳ ರಿಟರ್ನ್ ಹಾಕುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ 20ರೊಳಗೆ. ಅದಕ್ಕೇ ಆ ದಿನಗಳಲ್ಲಿ ಆಡಿಟರ್ ಆಫೀಸುಗಳಿಗೆ ಕೈ ಸಾಲುವುದಿಲ್ಲ. ನೀವು ಹೋಗಿ ಕೇಳಬೇಕಾದ್ದು ಅಲ್ಲೇ. ಮೊದಮೊದಲು ಸಂಬಳ ಕಡಿಮೆ ಹೇಳುತ್ತಾರೆ. ಆ ಸಂಬಳ ಆರು ತಿಂಗಳಿಗೆ ಮಾತ್ರ ಅಂತ ಮಾತಾಡಿಕೊಂಡು ಸೇರಿ.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್‌ನ ಎಜುಕೇಶನಲ್ ಮೋಡ್‌ಗೆ ದುಡ್ಡು ಬೇಡ. ತಿಂಗಳ 1, 2, 31ನೇ ತಾರೀಖು ಮಾತ್ರ ತಗೊಳ್ಳುತ್ತೆ, ಕಲಿಯಲು ಅಷ್ಟು ಸಾಕು. ಅಣ್ಣನ ಒಂದು ತಿಂಗಳ ಬಿಲ್ ಅಷ್ಟೂ ಹಾಕಿ ನೋಡಿ. ಆಮೇಲೂ ಲೆಕ್ಕ ಬೇಡ ಅನ್ನಿಸಿದರೆ ಬೇರೆ ಕೋರ್ಸ್ ಮಾತಾಡೋಣ.

ತಿಪಟೂರು: ನನಗೆ ನಾಲ್ಕು ವರ್ಷ ಗ್ಯಾಪ್. ಬಯೋಡೇಟಾದಲ್ಲಿ ಏನಂತ ಬರೆಯಲಿ?

ಮೇಡಂ: ಇದ್ದದ್ದು ಇದ್ದ ಹಾಗೆ, ಒಂದು ಸಾಲು.

ಮಧುಗಿರಿ: ಡಿಪ್ಲೊಮಾ ಮೆಕ್ಯಾನಿಕಲ್. ಸೌದಿಯಿಂದ ಬಂದು ಎರಡು ವರ್ಷ ಆಯಿತು. ವಸಂತನರಸಾಪುರದಲ್ಲಿ ಪ್ರೊಡಕ್ಷನ್ ಬಿಟ್ಟು ಕ್ವಾಲಿಟಿಗೆ ಹೋಗಬಹುದಾ?

ಶಿರಾ: ಬಂದ ಮೆಸೇಜ್ ಹಾಕ್ತಿದ್ದೀನಿ: "ಗ್ಯಾಪ್ ಚಿಂತೆ ಬಿಡಿ. 8,000 ಕೊಟ್ಟರೆ ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್. ನೂರಕ್ಕೆ ನೂರು ಕೆಲಸ."

ಮೇಡಂ: ದಯವಿಟ್ಟು ಅಳಿಸಿ. ಪಿಎಫ್ ಕಟ್ಟಿದ ಕಡೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಎಲ್ಲ ನಿಮ್ಮ ಪಿಎಫ್ ನಂಬರ್ ಯುಎಎನ್‌ನಲ್ಲಿ ಕಾಣುತ್ತೆ. ಲೆಟರ್‌ನಲ್ಲಿ ಮೂರು ವರ್ಷ, ಅಲ್ಲಿ ಏನೂ ಇಲ್ಲ ಅಂದರೆ ನಾವು ಕೇಳುವುದಿಲ್ವಾ? ಸೇರಿದ ಮೇಲೆ ಸಿಕ್ಕಿಬಿದ್ದು ಹೊರಗೆ ಹೋದವರನ್ನು ನಾನೇ ಕಳಿಸಿದ್ದೇನೆ. ಅತ್ತುಕೊಂಡು ಹೋದರು.

ಶಿರಾ: ನಾನು ಸುಮ್ನೆ ಬಂದಿದ್ದನ್ನ ಹಾಕಿದ್ದು.

ಮೇಡಂ: ಸುಮ್ನೆ ಹಾಕಬೇಡಿ. ಯಾರೋ ಕಷ್ಟದಲ್ಲಿರುವವರು ನಂಬಿ ದುಡ್ಡು ಕಟ್ಟುತ್ತಾರೆ. ಈಗಾಗಲೇ ಆನ್‌ಲೈನ್‌ನಲ್ಲಿ ಕಟ್ಟಿ ಮೋಸ ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕುಣಿಗಲ್: ಕ್ಯಾತ್ಸಂದ್ರದ ಅಕ್ಕ, ಹೆಂಗಸರಿಗೆ ಟೀಚರ್ ಕೆಲಸವೇ ಸರಿ. ಮಗು ಜೊತೆಗೇ ಹೋಗಿ ಬರಬಹುದು.

ಎಸ್.ಎಸ್. ಪುರಂ: ಬಿ.ಎಡ್ ಎರಡು ವರ್ಷ, ಆಮೇಲೆ ಟೀಚರ್ ಅರ್ಹತಾ ಪರೀಕ್ಷೆ ಟಿಇಟಿ. ಅಲ್ಲಿವರೆಗೆ ಮನೆ ಯಾರು ನಡೆಸ್ತಾರೆ ಅಣ್ಣ? ನೀವಾ?

ಕುಣಿಗಲ್: ನಾನು ಒಳ್ಳೇದಕ್ಕೆ ಹೇಳಿದ್ದು. ನಿಮ್ಮನ್ನ ಕೇಳಲಿಲ್ಲ.

ಎಸ್.ಎಸ್. ಪುರಂ: ಅವರೂ ನಿಮ್ಮನ್ನ ಕೇಳಲಿಲ್ಲ. ನಾನು ಪ್ರೈವೇಟ್ ಸ್ಕೂಲಲ್ಲಿ ಆರು ವರ್ಷ ಇದ್ದೆ. ಸಂಜೆ ಮನೆಗೆ ನೋಟ್ಸ್ ಕಟ್ಟು ಹೊತ್ತು ಬರ್ತಿದ್ದೆ. ನನ್ನ ಮಗನ ಪುಸ್ತಕ ತೆಗೆದು ನೋಡಕ್ಕೆ ಟೈಮ್ ಇರಲಿಲ್ಲ.

ಕುಣಿಗಲ್: ಎಲ್ಲಾ ಸ್ಕೂಲೂ ಹಂಗಿರಲ್ಲ. ಗೊತ್ತಿಲ್ಲದೆ ಮಾತಾಡಬೇಡಿ.

ಮೇಡಂ: ಇಬ್ಬರೂ ಸಾಕು ಮಾಡಿ.

ಗುಬ್ಬಿ: ಮೇಡಂ, ಗ್ಯಾಪ್ ಇದ್ದರೆ ಸಂಬಳ ಕಡಿಮೆ ಮಾಡ್ತಾರಾ?

ಮೇಡಂ: ಮೇಲೆ ಬರೆದಿದ್ದೇನೆ. ಓದಿ ಕೇಳಿ.

ಕ್ಯಾತ್ಸಂದ್ರ: ಮೇಡಂ, ಅಣ್ಣ ಬಿಲ್ ಕಟ್ಟು ಕೊಟ್ಟಿದ್ದಾನೆ. ಎಲ್ಲಾ 1ನೇ ತಾರೀಖಿಗೇ ಹಾಕ್ತಿದ್ದೀನಿ. ಹನ್ನೊಂದು ಆಯಿತು. ಗೌರಿಬಿದನೂರು ಬಿಲ್ ಎರಡು ಸಾಲು, ಹಿಂದೂಪುರದ್ದು ಒಂದೇ ಸಾಲು ಬಂತು.

ಮೇಡಂ: ಸರಿಯಾಗಿದೆ. ವಾಪಸ್ ಬಂದ ಮಾಲಿದ್ದರೆ ಅದರ ದುಡ್ಡು ಕಳೆಯುವ ಚೀಟಿ, ಅಂದರೆ ಕ್ರೆಡಿಟ್ ನೋಟ್, ಹಾಕಿ ನೋಡಿ. ಆಡಿಟರ್ ಅದನ್ನೇ ಕೇಳುತ್ತಾರೆ.

ಮಧುಗಿರಿ: ಮೇಡಂ, ನನ್ನ ಪ್ರಶ್ನೆ ಮೇಲೆ ಇದೆ.