ಮಳಖೇಡದ ಬಸದಿಗೆ ಅವ್ವನನ್ನು ಕಾರಲ್ಲಿ ಕರೆದುಕೊಂಡು ಹೋಗಲಾ, ಬಸ್ಸಲ್ಲಾ?

ಬೀದರ್ ಮಗ: ಅವ್ವನಿಗೆ 71, ಮೊಣಕಾಲು ನೋವು. ಮಳಖೇಡದ ನೇಮಿನಾಥ ಸ್ವಾಮಿ ದರ್ಶನ ಮಾಡಿಸಬೇಕು. ಕಲಬುರಗಿ ತನಕ ರೈಲಲ್ಲಿ ಬರುತ್ತೇವೆ. ಅಲ್ಲಿಂದ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಬಾಡಿಗೆ ಕಾರು ಮಾಡಲಾ, ಬಸ್ಸೇ ಸಾಕಾ? ಬಸದಿಯಲ್ಲಿ ಮೆಟ್ಟಿಲು ಜಾಸ್ತಿ ಇವೆಯಾ? ಹೋಗಿ ಬಂದವರು ಹೇಳಿ.

ಸ್ಟೆಪ್ನಿ ಸಂತ್ರಸ್ತ: ಕಾರು ಮಾತ್ರ ಬೇಡ. ಹೋದ ಶ್ರಾವಣದಲ್ಲಿ ನಾನು ಮಾಡಿದ್ದೆ. ಮಾತಾಡಿದ್ದು 1,800. ಸಿಮೆಂಟ್ ಲಾರಿಗಳ ಹಿಂದೆ ತೆವಳುತ್ತಾ ಹೋಗುವಾಗ ಪಂಕ್ಚರ್. ಸ್ಟೆಪ್ನಿಯಲ್ಲಿ ಗಾಳಿ ಇಲ್ಲ! ಟೈರ್ ಟಂಟಂ ಆಟೋದಲ್ಲಿ ಹಾಕಿಕೊಂಡು ಹೋದ ಡ್ರೈವರ್ ಎರಡು ತಾಸು ಬಿಟ್ಟು ಬಂದ. ಪಂಕ್ಚರ್ 150, ಟಂಟಂ 100, ಎಲ್ಲಾ ನನ್ನ ಲೆಕ್ಕಕ್ಕೆ. ಮೇಲೆ ವೇಟಿಂಗ್ ಅಂತ 400. ಕೆಟ್ಟಿದ್ದು ಅವನ ಗಾಡಿ, ಬಿಸಿಲಲ್ಲಿ ಕಾದಿದ್ದು ನಾವು, ವೇಟಿಂಗ್ ದುಡ್ಡು ಅವನಿಗೆ. ಒಟ್ಟು 2,450. ಬಸದಿ ಮುಟ್ಟುವಷ್ಟರಲ್ಲಿ ಅಭಿಷೇಕ ಮುಗಿದಿತ್ತು. ವಾಪಸ್ ಬರುವಾಗ ದಾರಿಯಲ್ಲೇ ಹೊತ್ತು ಮುಳುಗಿತು. ಚೌವಿಹಾರ ಅಂತ ಜೈನರ ನೇಮ, ಕತ್ತಲಾದ ಮೇಲೆ ನಮ್ಮವ್ವ ಬಾಯಿಗೆ ಏನೂ ಹಾಕುವುದಿಲ್ಲ. ರೊಟ್ಟಿ ಗಂಟು ತೊಡೆ ಮೇಲೆ ಇಟ್ಟುಕೊಂಡೇ ಉಪವಾಸ ಮನೆಗೆ ಬಂದಳು.

ಬಸ್ಸಿನ ಅಕ್ಕ: ನಮ್ಮ ಅತ್ತೆಯವರನ್ನು ಮೂರು ಸಲ ಬಸ್ಸಲ್ಲೇ ಕರೆದುಕೊಂಡು ಹೋಗಿದ್ದೇನೆ. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, 2023ರಿಂದ. ಬೆಳಿಗ್ಗೆ ಬೇಗ ಹತ್ತಿ, ಸೀಟು ಸಿಗುತ್ತೆ. ಬಸದಿ ಒಳಗೆ ಪಂಚಲೋಹದ ಪುಟ್ಟ ಗುಡಿ ಒಂದಿದೆ, ಅದರಲ್ಲಿ 96 ಮೂರ್ತಿಗಳು. ಅತ್ತೆ ಒಂದೊಂದಕ್ಕೂ ಕೈ ಮುಗಿಯುತ್ತಾ ಎಣಿಸಿದರು, ಅರವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೆ ಇದೆಲ್ಲಾ ಆಗುತ್ತಾ? ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ.

ಸ್ವಂತ ಗಾಡಿಯವ: ಹೋಗುವಾಗಿನ ಸೀಟು ಹೇಳಿದಿರಿ ಅಕ್ಕಾರೆ, ಬರುವಾಗಿನದು? ನಮ್ಮ ಕಾಕಿ ಸಂತೆ ದಿನ ಕಂಬಿ ಹಿಡಿದು ನಿಂತೇ ಬಂದಳು. ಅದಾದ ಮೇಲೆ ಮುಲಾಮಿಗೇ ತಿಂಗಳಿಗೆ 300. ಅದಕ್ಕೇ ನಾನು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಇನ್ನೂ 14 ಕಂತು ಬಾಕಿ ಇದೆ, ಆ ಮಾತು ಬೇರೆ. ಕಾಗಿಣಾ ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂದರೆ ಕಾರೂ ಇಲ್ಲ ಬಸ್ಸೂ ಇಲ್ಲ, ಮಳೆ ನೋಡಿ ಹೊರಡಿ.

ಕಮಠಾಣದವ: ಬೀದರಿನವರು ಅಲ್ವಾ ನೀವು? ಪಕ್ಕದಲ್ಲೇ ನಮ್ಮ ಕಮಠಾಣದಲ್ಲಿ ಪಾರ್ಶ್ವನಾಥ ಬಸದಿ ಇದೆ. ಅದನ್ನು ಬಿಟ್ಟು ಸುಮ್ನೆ ಅಷ್ಟು ದೂರ ಯಾಕೆ?

ಸ್ಟೆಪ್ನಿ ಸಂತ್ರಸ್ತ: ಅವರು ಕೇಳಿದ್ದು ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಅದು, ಅಮೋಘವರ್ಷ ಆಳಿದ ಊರು.

ಕಮಠಾಣದವ: ಅಮೋಘವರ್ಷ ಬಂದು ನಿಮ್ಮ ಟೈರ್ ಬದಲಿಸಿದನಾ?

ಸ್ಟೆಪ್ನಿ ಸಂತ್ರಸ್ತ: ಮಾತು ನೆಟ್ಟಗಿರಲಿ ಅಣ್ಣಾರೆ.

ಚೌವಿಹಾರದ ತಾತ: ಕಾರು ಬಸ್ಸು ಆಮೇಲೆ. ಶೇಂಗಾ ಹಿಂಡಿ ಕಟ್ಟಿಕೊಳ್ಳಿ ಅಂತ ಬರೆದವರು ಯಾರು? ಅದರಲ್ಲಿ ಬಳ್ಳೊಳ್ಳಿ ಇರುತ್ತೆ. ಮಣ್ಣೊಳಗೆ ಬೆಳೆಯುವ ಗಡ್ಡೆ ಜೈನರಿಗೆ ನಿಷಿದ್ಧ, ಬಸದಿಗೆ ಬಳ್ಳೊಳ್ಳಿ ಗಂಟು ತರುತ್ತಾರಾ?

ಬಸ್ಸಿನ ಅಕ್ಕ: ನಮ್ಮ ಮನೆ ಹಿಂಡಿಯಲ್ಲಿ ಬಳ್ಳೊಳ್ಳಿ ಇಲ್ಲ. ಖಾರ, ಜೀರಿಗೆ, ಉಪ್ಪು ಅಷ್ಟೇ. ಅತ್ತೆ ಕುಟ್ಟುವಾಗ ನಾನೇ ಪಕ್ಕದಲ್ಲಿ ಕೂತಿರುತ್ತೇನೆ.

ಸ್ವಂತ ಗಾಡಿಯವ: ಶೇಂಗಾನೂ ಮಣ್ಣೊಳಗೇ ಬೆಳೆಯೋದು, ಅದು ನಡೆಯುತ್ತಾ?

ಚೌವಿಹಾರದ ತಾತ: ಅದು ಬೀಜ ಕಣಪ್ಪ, ಬೇರಲ್ಲ! ಕಿತ್ತ ಮೇಲೆ ಒಣಗಿಸುತ್ತಾರೆ. ಆಲೂಗಡ್ಡೆಗೂ ಶೇಂಗಾಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಹೊಲದ ಬದಿಗೂ ಹೋಗಿಲ್ಲ ಅನಿಸುತ್ತೆ.

ಸ್ವಂತ ಗಾಡಿಯವ: ಆರು ಎಕರೆ ತೊಗರಿ ಇದೆ ನಮ್ಮದು, ಬಂದು ನೋಡಿ.

ಬೀದರ್ ಮಗ: ಎಲ್ಲರಿಗೂ ಶರಣು. ಮೆಟ್ಟಿಲು ಎಷ್ಟು ಅಂತ ಯಾರಾದರೂ ಹೇಳಿದರೆ ಉಪಕಾರ ಆಗುತ್ತೆ.

ಸ್ಟೆಪ್ನಿ ಸಂತ್ರಸ್ತ: ಮೆಟ್ಟಿಲು ಎಣಿಸಲಿಲ್ಲ ತಮ್ಮಾ, ಆ ಹೊತ್ತಿಗೆ ವೇಟಿಂಗ್ ದುಡ್ಡು ಎಣಿಸುತ್ತಿದ್ದೆ.