ಪದಚರ್ಚೆ: ‘ಓವರ್‌ಸ್ಟೀರ್’ ಅಂದರೆ ‘ಅತಿತಿರುವು’ ಸರಿಯೇ? ಹಿಂದಿನ ಗಾಲಿ ಹಿಡಿತ ಬಿಟ್ಟಾಗ ಏನನ್ನೋಣ?

ಪ್ರಶ್ನೆ (ಕೊಪ್ಪಳದಿಂದ)

ಎಲ್ಲರಿಗೂ ನಮಸ್ಕಾರ. ನಡುವೆ ಎಂಜಿನ್ ಇರುವ ಸ್ಪೋರ್ಟ್ಸ್ ಕಾರುಗಳ ಚಾಲನೆ ಕುರಿತ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಓವರ್‌ಸ್ಟೀರ್‌ಗೆ ‘ಅತಿತಿರುವು’, ಟ್ರ್ಯಾಕ್ಷನ್ ಹೋಗುವುದಕ್ಕೆ ‘ಕರ್ಷಣ ನಷ್ಟ’, ಜಾರಿದ ಗಾಡಿಯನ್ನು ಹತೋಟಿಗೆ ತರಲು ಸ್ಟೇರಿಂಗ್ ತಿರುಗಿಸುವ ಕೌಂಟರ್‌ಸ್ಟೀರ್‌ಗೆ ‘ಪ್ರತಿಚಾಲನೆ’ ಎಂದು ಹಾಕಿದ್ದಾರೆ. ಡ್ರೈವಿಂಗ್ ಬಲ್ಲವರಿಗೆ ಓದಿ ಹೇಳಿದರೆ ಒಬ್ಬರಿಗೂ ತಲೆಬುಡ ತಿಳಿಯಲಿಲ್ಲ. ನಮ್ಮ ಕಡೆ ಲಾರಿ, ಟ್ರ್ಯಾಕ್ಟರ್ ಓಡಿಸುವವರ ಬಾಯಲ್ಲಿ ಇದಕ್ಕೆ ಮಾತುಗಳಿದ್ದರೆ ತಿಳಿಸಿರಿ. ಅರ್ಥ ಕೆಡಬಾರದು, ಅದೊಂದೇ ಷರತ್ತು.

ಉತ್ತರ (ಬಳ್ಳಾರಿಯಿಂದ)

ಸರ್, ‘ಅತಿತಿರುವು’ ಮೊದಲು ಕಿತ್ತುಹಾಕಿ. ರಸ್ತೆ ಬದಿಯ ಫಲಕದ ಮೇಲೆ ‘ತಿರುವು’ ಅಂದರೆ ರಸ್ತೆಯ ತಿರುವು. ‘ಅತಿತಿರುವು’ ಅಂದರೆ ಓದುಗ ಘಾಟಿಯ ಕಡಿದಾದ ತಿರುವು ಅಂದುಕೊಳ್ಳುತ್ತಾನೆ, ಇಲ್ಲವೇ ಡ್ರೈವರ್ ಸ್ಟೇರಿಂಗ್ ಜಾಸ್ತಿ ತಿರುಗಿಸಿದ ಅಂದುಕೊಳ್ಳುತ್ತಾನೆ. ಎರಡೂ ತಪ್ಪು. ಡ್ರೈವರ್ ಸ್ಟೇರಿಂಗ್ ಅಲ್ಲಾಡಿಸದೇ ಇದ್ದರೂ ಓವರ್‌ಸ್ಟೀರ್ ಆಗುತ್ತದೆ. ಮುಂದಿನ ಗಾಲಿಗಿಂತ ಹಿಂದಿನ ಗಾಲಿ ಹೆಚ್ಚು ಪಕ್ಕಕ್ಕೆ ಜಾರಿ, ಗಾಡಿಯ ಮೂತಿ ಬೇಕಾದ್ದಕ್ಕಿಂತ ಹೆಚ್ಚು ಒಳಕ್ಕೆ ತಿರುಗುವುದೇ ಅದು. ಸಂಡೂರು ಕಡೆ ಅದಿರು ಟಿಪ್ಪರ್ ಓಡಿಸುವವರು ‘ಹಿಂದೆ ಬೀಸ್ತು’ ಅನ್ನುತ್ತಾರೆ. ಆ ‘ಬೀಸು’ ನನಗೆ ಹಿಡಿಸಿದೆ. ಒಂದು ತುದಿ ನಿಂತು ಇನ್ನೊಂದು ತುದಿ ಸುತ್ತಿ ಬರುವ ಚಿತ್ರ ಅದರಲ್ಲಿದೆ, ‘ಜಾರು’ವಿನಲ್ಲಿ ಇಲ್ಲ. ‘ಹಿಂಬೀಸು’ ಮಾಡಿಕೊಳ್ಳಿ. ‘ಹಿಂಜಾರು’ ಬೇಡ, ‘ಹಿಂಜರಿ’, ‘ಹಿಂಜರಿತ’ಗಳ ಜೊತೆ ಗೊಂದಲವಾಗುತ್ತದೆ.

‘ಕರ್ಷಣ ನಷ್ಟ’ದಲ್ಲಿ ಎರಡು ಬೇರೆ ಸಂಗತಿ ಕಲಸಿಹೋಗಿವೆ. ಟಾಯರ್ ಉದ್ದಕ್ಕೆ ನೆಲವನ್ನು ತಳ್ಳಿ ಗಾಡಿಯನ್ನು ಒಯ್ಯುವುದು ‘ಎಳೆತ’. ತಿರುವಿನಲ್ಲಿ ಗಾಡಿ ಹೊರಗೆ ಹೋಗದಂತೆ ಅಡ್ಡಕ್ಕೆ ಕಚ್ಚಿ ಹಿಡಿಯುವುದು ‘ಹಿಡಿತ’. ಒಂದು ಟಾಯರಿನ ಹತ್ತಿರ ಇರುವುದು ಒಂದೇ ಗಂಟು; ಎಳೆತಕ್ಕೆ ಹೆಚ್ಚು ಖರ್ಚು ಮಾಡಿದರೆ ಹಿಡಿತಕ್ಕೆ ಉಳಿಯುವುದು ಕಡಿಮೆ. ತಿರುವಿನ ನಡುವೆ ರೇಸ್ (ಆಕ್ಸಿಲರೇಟರ್) ಜೋರಾಗಿ ಕೊಟ್ಟಾಗ ಹಿಂದಿನ ಗಾಲಿ ಬೀಸುವುದು ಇದಕ್ಕೇ. ಆದರೆ ನಡುಎಂಜಿನ್ ಕಾರಿನಲ್ಲಿ ಜನ ಹೆಚ್ಚು ಮೋಸಹೋಗುವುದು ರೇಸ್ ಕೊಟ್ಟಾಗ ಅಲ್ಲ, ಬಿಟ್ಟಾಗ.

ಅದನ್ನು ಹೇಳಲು ಎತ್ತಿನ ಬಂಡಿಯ ಮಾತೇ ಸಾಕು: ‘ಮುಂಭಾರ’, ‘ಹಿಂಭಾರ’. ಈ ಕಾರುಗಳಲ್ಲಿ ಎಂಜಿನ್ ಸೀಟಿನ ಬೆನ್ನ ಹಿಂದೆ, ಹಿಂದಿನ ಅಚ್ಚಿನ ಮುಂದೆ ಕೂತಿರುತ್ತದೆ. ನಿಂತ ಗಾಡಿಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 55ರಿಂದ 60 ಪಾಲು ಹಿಂದಿನ ಗಾಲಿಗಳ ಮೇಲೆ. ತಿರುವಿನಲ್ಲಿ ಹೆದರಿ ರೇಸ್ ಪೂರ್ತಿ ಬಿಟ್ಟರೆ ಗಾಡಿ ಥಟ್ಟನೆ ಮುಂಭಾರವಾಗುತ್ತದೆ. ಮುಂದಿನ ಟಾಯರ್ ಕಚ್ಚುತ್ತದೆ, ಹಿಂದಿನದು ಹಗುರಾಗುತ್ತದೆ. ಆದರೆ ಹಗುರಾದ ಹಿಂದಿನ ಗಾಲಿಗಳೇ ಎಂಜಿನ್ನಿನ ಭಾರವನ್ನು ತಿರುವಿನ ಹೊರಗೆ ಹೋಗದಂತೆ ಹಿಡಿಯಬೇಕು. ಹಿಡಿಯಲಾಗದೆ ಬಾಲ ಬೀಸುತ್ತದೆ. ಇದರ ಜೊತೆ ಬ್ರೇಕನ್ನೂ ಒತ್ತಿದರೆ ಕೇಳುವುದೇ ಬೇಡ.

ಬೀಸುವ ವೇಗಕ್ಕೂ ಕಾರಣ ಇದೆ. ಕಾವಡಿಯ ಎರಡು ತುದಿಗೂ ತುಂಬಿದ ಕೊಡ ತೂಗುಹಾಕಿ ಗಿರ್ರನೆ ತಿರುಗಲು ನೋಡಿ, ಮೈ ಮೊಂಡು ಬೀಳುತ್ತದೆ. ಅವೇ ಎರಡು ಕೊಡ ಎದೆಗೆ ಅವಚಿಕೊಂಡರೆ ಸಲೀಸಾಗಿ ತಿರುಗಬಹುದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಗಾಡಿಯ ಹೊಟ್ಟೆಯ ಹತ್ತಿರ ಇರುವುದರಿಂದ ಈ ಕಾರು ತಿರುಗುವುದೂ ಚುರುಕು, ಗಿರಕಿ ಹೊಡೆಯುವುದೂ ಚುರುಕು. ಮೇಲಾಗಿ ಹಿಂದಿನ ಟಾಯರ್ ಅಗಲ. ಅದು ಕೈಬಿಡುವ ಹೊತ್ತಿಗೆ ವೇಗ ಆಗಲೇ ಹೆಚ್ಚಿರುತ್ತದೆ. 1989ರಲ್ಲಿ ಬಂದ ಎರಡನೇ ತಲೆಮಾರಿನ ಟೊಯೊಟಾ ಎಂಆರ್2 ಇದಕ್ಕೇ ಹೆಸರು ಕೆಡಿಸಿಕೊಂಡು, ಆಮೇಲೆ ಸಸ್ಪೆನ್ಷನ್, ಟಾಯರ್ ಎರಡನ್ನೂ ಬದಲಿಸಬೇಕಾಯಿತು. ಕೈಪಿಡಿಯಲ್ಲಿ ಪೋರ್ಶೆ 911 ಉದಾಹರಣೆ ಇದ್ದರೆ ತೆಗೆಯಿರಿ. ಅದರ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದೆ, ಅದು ‘ಹಿಂಎಂಜಿನ್’. ಕೇಮನ್, ಬಾಕ್ಸ್‌ಸ್ಟರ್ ಆದರೆ ಸರಿ.

‘ಪ್ರತಿಚಾಲನೆ’ ಬಗ್ಗೆ. ನಮ್ಮಲ್ಲಿ ‘ಉಲ್ಟಾ ಹೊಡಿ’ ಅನ್ನುತ್ತಾರೆ. ಮಾತು ಗಟ್ಟಿ, ಆದರೆ ಯಾವುದಕ್ಕೆ ಉಲ್ಟಾ? ರಸ್ತೆಗೋ, ಮೂತಿಗೋ, ಬಾಲಕ್ಕೋ? ‘ಜಾರಿದ ಕಡೆಗೆ ತಿರುಗಿಸಿ’ ಎಂಬ ಸೂಚನೆಯೂ ಅಷ್ಟೇ ಅಸ್ಪಷ್ಟ. ಗಾಡಿ ಎಡಕ್ಕೆ ತಿರುಗುತ್ತಿದ್ದರೆ ಬಾಲ ಬಲಕ್ಕೆ ಬೀಸುತ್ತದೆ. ಸ್ಟೇರಿಂಗ್ ಹೋಗಬೇಕಾದ್ದು ಬಲಕ್ಕೆ. ಆದ್ದರಿಂದ ‘ಬಾಲ ಹೋದ ಕಡೆಗೆ ಸ್ಟೇರಿಂಗ್’ ಎಂದೇ ಬರೆಯಿರಿ. ನಾಲ್ಕು ಪದ ಆದರೂ ಅಡ್ಡಿಯಿಲ್ಲ.

ಕ್ರಮ ಹೀಗೆ ಬರಲಿ. ಕಣ್ಣು ತಡೆಗೋಡೆಯ ಮೇಲಲ್ಲ, ಹೋಗಬೇಕಾದ ದಾರಿಯ ಮೇಲೆ. ಬಾಲ ಹೋದ ಕಡೆಗೆ ಸ್ಟೇರಿಂಗ್, ಬೀಸಿದಷ್ಟೇ, ತಡಮಾಡದೆ. ಕಾಲಿನ ಕೆಲಸ ಕಾರಣ ನೋಡಿ: ರೇಸ್ ಹೆಚ್ಚಾಗಿ ಬೀಸಿದ್ದರೆ ನಿಧಾನಕ್ಕೆ ಇಳಿಸಬೇಕು, ಒಮ್ಮೆಲೇ ಕೀಳಬಾರದು. ರೇಸ್ ಬಿಟ್ಟಿದ್ದರಿಂದ ಬೀಸಿದ್ದರೆ ವೇಗ ನಿಲ್ಲುವಷ್ಟು ಮಾತ್ರ ಮತ್ತೆ ಕೊಟ್ಟು ಹಿಂದಿನ ಗಾಲಿಗೆ ಭಾರ ಮರಳಿಸಬೇಕು. ಸ್ಟೇರಿಂಗ್ ಕೊನೆ ಮುಟ್ಟಿದರೂ ಬಾಲ ನಿಲ್ಲಲಿಲ್ಲವೆಂದರೆ ಗಿರಕಿ ಖಚಿತ. ಆಗ ಕ್ಲಚ್ಚು, ಬ್ರೇಕು ಎರಡೂ ಪೂರ್ತಿ ಒತ್ತಿ ಹಿಡಿಯುವುದೊಂದೇ ದಾರಿ. ಇದನ್ನೆಲ್ಲ ಹೊಸಪೇಟೆ ರಸ್ತೆಯಲ್ಲಿ ಕಲಿಯಲು ಹೋಗಬಾರದು, ನೀರು ಹಾಯಿಸಿದ ಖಾಲಿ ಅಂಗಳ ಬೇಕು ಎಂಬುದೂ ಕೈಪಿಡಿಯಲ್ಲಿರಲಿ.

ಇನ್ನೊಂದು ಉತ್ತರ (ಸಿಂಧನೂರಿನಿಂದ)

‘ಬೀಸು’ ಒಪ್ಪಿದೆ ರೀ. ‘ಎಳೆತ’ಕ್ಕೆ ಸಣ್ಣ ತಕರಾರು. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ನಿಂತಲ್ಲೇ ನಿಂತು ಗಾಲಿ ತಿರುಗಿದರೆ ಇಲ್ಲಿ ‘ಗಾಲಿ ಸ್ಲಿಪ್ ಹೊಡ್ಯಾಕತ್ತೈತಿ’ ಅಂತಾರೆ, ‘ಎಳೆತ ಹೋತು’ ಅನ್ನುವವರಿಲ್ಲ. ಕ್ರಿಯೆಗೆ ‘ಸ್ಲಿಪ್ ಹೊಡಿ’ ಇರಲಿ, ಗುಣಕ್ಕೆ ‘ಎಳೆತ’ ಇರಲಿ. ಸ್ಲಿಪ್ ಆಂಗಲ್‌ಗೆ (ಟಾಯರ್ ನೋಡುವ ದಿಕ್ಕಿಗೂ ಅದು ನಿಜಕ್ಕೂ ಸಾಗುವ ದಿಕ್ಕಿಗೂ ನಡುವಿನ ಕೋನ) ಮಾತ್ರ ‘ಜಾರುಕೋನ’ ಬೇಕೇ ಬೇಕು, ಆಡುಮಾತಿನಲ್ಲಿ ಅದಕ್ಕೆ ಸಮ ಇಲ್ಲ.

ಗಾಡಿ ಜಾರಿದಾಗ ತಾನಾಗಿ ಬ್ರೇಕ್ ಹಾಕಿ ಸರಿಪಡಿಸುವ ಕಾರಿನ ಸ್ಟೆಬಿಲಿಟಿ ಕಂಟ್ರೋಲ್ ವಿವರಿಸುವಾಗ ಟ್ರ್ಯಾಕ್ಟರನ್ನೇ ತೋರಿಸಬಹುದು. ಟ್ರ್ಯಾಕ್ಟರ್‌ಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್. ಬದುವಿನ ಹತ್ತಿರ ಎಡದ್ದು ಮಾತ್ರ ಒತ್ತಿದರೆ ಗಾಡಿ ಎಡಕ್ಕೆ ಸುತ್ತುತ್ತದೆ. ಟಾರ್ ರಸ್ತೆಗೆ ಬರುವ ಮುಂಚೆ ಎರಡೂ ಪೆಡಲಿಗೆ ಕೊಂಡಿ ಹಾಕುವುದು ಇದಕ್ಕೇ. ಕಾರಿನ ಕಂಪ್ಯೂಟರ್ ಮಾಡುವುದೂ ಒಂಟಿ ಗಾಲಿಯ ಬ್ರೇಕಿನ ಕೆಲಸವೇ: ಎಡತಿರುವಿನಲ್ಲಿ ಬಾಲ ಬಲಕ್ಕೆ ಬೀಸಿದರೆ ಮುಂದಿನ ಬಲಗಾಲಿಗೆ ಬ್ರೇಕ್ ಹಾಕಿ ಮೂತಿಯನ್ನು ಬಲಕ್ಕೆ ಎಳೆಯುತ್ತದೆ.

ಟಾಯರಿನ ಮಾತು ಕೈಪಿಡಿಯಲ್ಲಿ ಇದೆಯೋ ಇಲ್ಲವೋ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುಂಚೆ ನೋಡಬೇಕು. ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಟಾಯರಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. 40 ದಾಟುವ ರಾಯಚೂರು ಬಿಸಿಲಲ್ಲಿ ಮಧ್ಯಾಹ್ನ ಅಳೆದು ‘ಹೆಚ್ಚಾಗಿದೆ’ ಎಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಹಿಂದಿನ ಟಾಯರ್ ಸವೆದರೆ ಮುಂದಿನದನ್ನು ಹಿಂದಕ್ಕೆ ಹಾಕುವ ನಮ್ಮ ರೂಢಿಯೂ ಇಲ್ಲಿ ನಡೆಯುವುದಿಲ್ಲ. ಇಂಥ ಬಹುತೇಕ ಕಾರುಗಳಲ್ಲಿ ಮುಂದಿನ, ಹಿಂದಿನ ಅಳತೆಯೇ ಬೇರೆ. ಭತ್ತದ ಸುಗ್ಗಿಯಲ್ಲಿ ಗಂಗಾವತಿ, ಕಾರಟಗಿ ರಸ್ತೆಯ ಮೇಲೆ ಬೀಳುವ ಗದ್ದೆಯ ಕೆಸರಿಗೆ, ರಾಶಿ ಒಣಗಿಸಿದ ಜಾಗದ ಕಾಳಿಗೆ ‘ಕಡಿಮೆ ಘರ್ಷಣಾ ಮೇಲ್ಮೈ’ ಅಂತ ದಯವಿಟ್ಟು ಬರೆಯಬೇಡಿ. ‘ಜಾರು ನೆಲ’ ಸಾಕು.

ಮತ್ತೆ ಬಳ್ಳಾರಿಯಿಂದ

ಒಂದು ಬಿಟ್ಟುಹೋಗಿತ್ತು. ಬಾಲ ಮರಳಿ ಬರುವಾಗ ಸ್ಟೇರಿಂಗನ್ನೂ ಅದರ ಜೊತೆಜೊತೆಗೇ ನೇರಕ್ಕೆ ತರಬೇಕು. ಎಡತಿರುವಿನಲ್ಲಿ ಇದು ತಡವಾದರೆ ಹಿಂದಿನ ಗಾಲಿ ಕಚ್ಚಿದ ಕ್ಷಣಕ್ಕೆ ಮುಂದಿನವು ಇನ್ನೂ ಬಲಕ್ಕೆ ನೋಡುತ್ತಿರುತ್ತವೆ, ಗಾಡಿ ಬಲಕ್ಕೆ ಚಿಮ್ಮಿ ಬಾಲ ಎಡಕ್ಕೆ ಬೀಸುತ್ತದೆ. ಹೆಚ್ಚು ಗಾಡಿ ಹೋಗುವುದು ಈ ಎರಡನೇ ಬೀಸಿಗೆ. ಕರಡಿನಲ್ಲಿ ಈ ಕ್ರಿಯೆಗೆ ‘ಸ್ಟೇರಿಂಗ್ ಬಿಚ್ಚುವುದು’ ಎಂದಿದ್ದರೆ ಮೆಕ್ಯಾನಿಕ್ ಪಾನಾ ಹುಡುಕುತ್ತಾನೆ. ಲಾರಿ ಹಿಂದಕ್ಕೆ ಬಿಡುವಾಗ ಕ್ಲೀನರ್ ಕೂಗುತ್ತಾನಲ್ಲ, ‘ಕಟ್ ಹೊಡಿ, ಕಟ್ ಹೊಡಿ... ರಿಟನ್ ತಗೋ’ ಅಂತ. ಆ ‘ರಿಟನ್’ ಅನ್ನೇ ಇಟ್ಟುಕೊಳ್ಳಿ.